ಅಕ್ಕೋರು ಕಟ್ಟಿ ಹೋದ ಎಡಿಟರ್

ಇದನ್ನು ಹೇಳಬೇಕಾದ ಕಾಲದಲ್ಲಿ ನಾನು ಹೇಳಲಿಲ್ಲ. ಮೊದಲು ಕೆಲಸ ಹೋದೀತು ಎಂದು ಸುಮ್ಮನಿದ್ದೆ. ಆಮೇಲೆ ಮಕ್ಕಳೆದುರು ಮುಖ ಸಣ್ಣದಾದೀತು ಎಂದು ಸುಮ್ಮನಿದ್ದೆ. ನಿವೃತ್ತನಾದ ಮೇಲೆ, ಇನ್ನು ಯಾರಿಗೆ ಬೇಕು ಈ ಹಳೇ ಕಥೆ ಎಂದುಕೊಂಡೆ. ಎಲ್ಲವೂ ನೆಪ. ಹೆದರಿಕೆಗೆ ಒಂದೊಂದು ವಯಸ್ಸಿನಲ್ಲಿ ಒಂದೊಂದು ಅಂಗಿ ತೊಡಿಸಿದೆ, ಅಷ್ಟೆ.

ಈ ಮಳೆಗಾಲದಲ್ಲಿ, ನನಗೆ ಕಂಪ್ಯೂಟರ್ ಕಲಿಸಿದ ಅಕ್ಕೋರು ಕುಮಟೆಯಲ್ಲಿ ತೀರಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ನಾನು ಕೆಲಸ ಮಾಡಿದ ತಾಂತ್ರಿಕ ಸಂಸ್ಥೆಯ ಹಳೇ ವಿದ್ಯಾರ್ಥಿಗಳು ಹೊನ್ನಾವರದ ಒಂದು ಸಭಾಭವನದಲ್ಲಿ ಕೂಡಿದರು. ಸಂಸ್ಥೆ ಮುಚ್ಚಿ ಬಹಳ ವರ್ಷವಾಯಿತು, ಆದರೆ ಕೂಡುವ ಉಮೇದು ಇದೆ. ನನ್ನನ್ನು ಭಟ್ಕಳದ ಹತ್ತಿರದ ನನ್ನೂರು ಮುಟ್ಟಳ್ಳಿಯಿಂದ ಕಾರಿನಲ್ಲಿ ಕರೆದುಕೊಂಡು ಹೋಗಿ, ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದೆಸಿದರು. "ನಮಗೆ ಕಂಪ್ಯೂಟರಿನಲ್ಲಿ ಮೊದಲ ಎಡಿಟರ್ ಹಾಕಿಕೊಟ್ಟವರು ನಾಯ್ಕರು" ಎಂದು ಒಬ್ಬ ಮೈಕಿನಲ್ಲಿ ಹೇಳಿದ. ನಾನು ಎದ್ದು ನಿಂತು, ಅದು ನಾನಲ್ಲ, ಅಕ್ಕೋರು ಎಂದೆ. ಚಪ್ಪಾಳೆ ಹೊಡೆದರು. ಎಂಥ ವಿನಯ ಎಂದು ಮುಂದಿನ ಸಾಲಿನಲ್ಲಿ ಕೂತ ಒಬ್ಬ ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು. ಮೈಯೆಲ್ಲ ಉರಿಯಿತು. ನಿಜ ಹೇಳಿದರೂ ಅದು ನನ್ನ ದೊಡ್ಡಸ್ತಿಕೆಯ ಲೆಕ್ಕಕ್ಕೇ ಜಮೆಯಾಗುವಷ್ಟು ಚೆನ್ನಾಗಿ ನಾನು ಸುಳ್ಳನ್ನು ಬೆಳೆಸಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಓದುವವರು ದಯವಿಟ್ಟು ಇದನ್ನು ವಿನಯ ಎಂದುಕೊಳ್ಳಬಾರದು.

ಅವರ ಹೆಸರು ಬರೆಯಲೇ ಎಂದು ಅವರ ತಮ್ಮನಿಗೆ ಫೋನು ಮಾಡಿ ಕೇಳಿದೆ. ಆ ಸಂಸ್ಥೆಯ ಸುದ್ದಿಯಲ್ಲಿ ಅಕ್ಕನ ಹೆಸರು ಬರುವುದು ಬೇಡ ಎಂದ. ಯಾಕೆ ಎಂದು ಕೇಳುವ ಮುಖ ನನಗಿರಲಿಲ್ಲ. ಹಾಗಾಗಿ ಇಲ್ಲಿಯೂ ಅವರು ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

ಧಾರೇಶ್ವರದ ಹತ್ತಿರದ ಕಡಲ ದಂಡೆಯ ಕೇರಿಯವರು. ಅಪ್ಪನದು ದೋಣಿ, ಅಮ್ಮ ಮೀನಿನ ಬುಟ್ಟಿ ಹೊತ್ತು ಊರೂರು ಸುತ್ತುತ್ತಿದ್ದರು. ಮಗಳು ಡಿಪ್ಲೊಮಾ ಓದಿ, ಮತ್ತೆ ಎಲ್ಲೋ ಹೋಗಿ ಕಂಪ್ಯೂಟರ್ ಕಲಿತು ಬಂದಿದ್ದರು. ಎಂಬತ್ತರ ದಶಕದ ಕೊನೆಯ ಭಾಗ. ಹೊನ್ನಾವರದಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ತಾಂತ್ರಿಕ ಸಂಸ್ಥೆಗೆ ಆಗಷ್ಟೇ ಒಂದು ದೊಡ್ಡ ಯಂತ್ರ ಬಂದಿತ್ತು. ಒಂದೇ ಯಂತ್ರ, ಅದಕ್ಕೆ ತಂತಿ ಎಳೆದು ಜೋಡಿಸಿದ ಕೆಲವು ಟರ್ಮಿನಲ್‌ಗಳು, ಅಂದರೆ ಪರದೆ ಮತ್ತು ಕೀಬೋರ್ಡು. ಅದನ್ನು ನಡೆಸಲು ಅಕ್ಕೋರನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ವರ್ಷದ ಕೊನೆಗೆ ಸಂಸ್ಥೆಗೆ ಮಾನ್ಯತೆ ಕೊಡುವ ತನಿಖೆಯವರು ಬಂದು ನೋಡಿ ಹೋದ ಮೇಲೆ ಖಾಯಂ ಮಾಡುವ ಮಾತಾಗಿತ್ತು.

ನಾನು ಎಸ್ಸೆಸ್ಸೆಲ್ಸಿ. ಅದೇ ಸಂಸ್ಥೆಯ ವಾಚನಾಲಯದಲ್ಲಿ ಅಟೆಂಡರ್ ಆಗಿದ್ದವನನ್ನು ಕಂಪ್ಯೂಟರ್ ಕೋಣೆಗೆ ಹಾಕಿದರು. ಕಸ ಗುಡಿಸುವುದು, ಏಸಿ ನೋಡುವುದು, ಫೈಲು ತುಂಬಿಡುವ ಫ್ಲಾಪಿಗಳಿಗೆ ಬೂಸಲು ಬಾರದಂತೆ ಕಪಾಟಿನಲ್ಲಿ ಬಲ್ಬು ಉರಿಸಿಡುವುದು ನನ್ನ ಕೆಲಸ. ಅದಕ್ಕಿಂತ ಹೆಚ್ಚಿನದನ್ನು ಕಲಿಸಿದವರು ಅಕ್ಕೋರು. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಒಂದು ದಿನ ನಾನು ಟರ್ಮಿನಲ್ ಒರೆಸುತ್ತಿದ್ದಾಗ, "ಒರ್ಸಿ ಒರ್ಸಿ ಎಂತ ಮಾಡ್ತ್ರಿ ನಾಯ್ಕರೆ, ಕೂತ್ಕಣಿ" ಎಂದು ಕುರ್ಚಿ ಎಳೆದುಕೊಟ್ಟರು. ಫೈಲು ನೋಡುವುದು, ನಕಲು ಮಾಡುವುದು, ಅಳಿಸುವುದು, ಎಲ್ಲ ಕಲಿತೆ. ತಪ್ಪಿದರೆ ಬೈಯುತ್ತಿದ್ದರು. ಟರ್ಮಿನಲ್ಲಿನ ನೆತ್ತಿಗೆ ಬೆರಳಗಂಟಿನಿಂದ ಟಕ್ಕೆಂದು ಹೊಡೆಯುವರು. ಆ ಪೆಟ್ಟು ನನ್ನ ತಲೆಗೆಂದು ನನಗೂ ಗೊತ್ತು, ಅವರಿಗೂ ಗೊತ್ತು.

ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರು ತೀರಿಕೊಂಡ ಮೇಲೆ ಯಾರೋ ಅವರನ್ನು ಶಾಂತಮೂರ್ತಿ ಎಂದು ಬರೆದರು. ಸುಳ್ಳು. ಕೋಣೆಯೊಳಗೆ ಚಪ್ಪಲಿ ಹಾಕುವಂತಿಲ್ಲ ಎಂಬ ನಿಯಮವಿತ್ತು. ಟ್ರಸ್ಟಿನ ಅಧ್ಯಕ್ಷರು ಒಮ್ಮೆ ಬೂಟು ಹಾಕಿಕೊಂಡೇ ಒಳಗೆ ಬಂದರು. ಅಕ್ಕೋರು ಕೂತಲ್ಲಿಂದಲೇ, "ಬೂಟು ಹೊರ್ಗೆ" ಎಂದರು. ಅಧ್ಯಕ್ಷರು ಬಾಗಿ ಲೇಸು ಬಿಚ್ಚಿದ್ದನ್ನು ವಿಭಾಗದ ಮುಖ್ಯಸ್ಥರು ನಿಂತು ನೋಡಬೇಕಾಯಿತು. ಈ ಮುಖ್ಯಸ್ಥರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅಂದಿನಿಂದ ಸಾಹೇಬರಿಗೆ ಅಕ್ಕೋರನ್ನು ಕಂಡರೆ ಆಗುತ್ತಿರಲಿಲ್ಲ.

ಊಟದ ವಿಷಯವೂ ಇತ್ತು. ಅಕ್ಕೋರ ಡಬ್ಬಿ ಬಿಚ್ಚಿದರೆ ವಾಸನೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ದೂರಿದರು. ಹೊರಗೆ ತಿನ್ನಿ ಎಂದು ಸಾಹೇಬರು ಹೇಳಿ ಕಳುಹಿಸಿದರು. ಹೇಳಿಬಂದವನು ನಾನು. ಅಕ್ಕೋರು ಡಬ್ಬಿ ಎತ್ತಿಕೊಂಡು ಕಾರಿಡಾರಿನ ಕೊನೆಯ ಕಿಟಕಿಯ ಬಳಿ ಹೋಗಿ ಕೂತರು. ಮರುದಿನದಿಂದ ದಿನವೂ ಒಣ ಸೀಗಡಿ ಚಟ್ನಿಯನ್ನೇ ತಂದರು. ಗಾಳಿ ಕಡಲಿನಿಂದ ಬೀಸಿದರೆ ಆ ಪರಿಮಳ ಕಾರಿಡಾರಿನುದ್ದಕ್ಕೂ ಹೋಗಿ ಸ್ಟಾಫ್ ರೂಮಿನೊಳಗೇ ಸುತ್ತುತ್ತಿತ್ತು. "ಗಾಳಿಗೆ ನೋಟೀಸು ಕೊಡೂಕೆ ಹೇಳಿ ಸಾಹೇಬ್ರಿಗೆ" ಎಂದು ನನ್ನ ಹತ್ತಿರ ಹೇಳಿದರು.

ಇನ್ನೊಂದು ಅಭ್ಯಾಸ. ಏನನ್ನೇ ಶುರು ಮಾಡುವ ಮೊದಲು, ಅದರ ಜೊತೆ ಬಂದ "ಮೊದಲು ಇದನ್ನು ಓದಿ" ಎಂಬ ಫೈಲನ್ನು ಅಕ್ಷರಕ್ಕೆ ಅಕ್ಷರ ಓದುತ್ತಿದ್ದರು. ಕೂತಲ್ಲ, ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಮಧ್ಯೆ ಮಾತಾಡಿಸಿದರೆ ಕೈ ಎತ್ತಿ ತಡೆಯುವರು. ಕೆಲಸ ಕೆಟ್ಟಾಗ ಯಂತ್ರದ ಜೊತೆ ಕೊಂಕಣಿಯಲ್ಲಿ ಜಗಳವಾಡುವರು. ಕೆಟ್ಟದ್ದು ತಮ್ಮಿಂದಲೇ ಎಂದು ಗೊತ್ತಾದರೆ ಅದೇ ಕೊಂಕಣಿಯಲ್ಲಿ ತಮ್ಮನ್ನೂ ಬೈದುಕೊಳ್ಳುವರು. ಆ ಎರಡನೆಯ ಗುಣ ನನಗೆ ಅಂಟಲಿಲ್ಲ.

ಈಗ ಎಡಿಟರ್ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರಿನಲ್ಲಿ ಬರೆಯಲು, ತಿದ್ದಲು ಬೇಕಾದ ಸಾಧನವೇ ಎಡಿಟರ್. ನಮ್ಮ ಯಂತ್ರದ ಜೊತೆ ಬಂದದ್ದು ಒಂದು ಸಲಕ್ಕೆ ಒಂದೇ ಸಾಲು ತೋರಿಸುವಂಥದ್ದು. ಇಂಥ ನಂಬರಿನ ಸಾಲಿನಲ್ಲಿ ಈ ಪದ ತೆಗೆದು ಆ ಪದ ಹಾಕು ಎಂದು ಕುರುಡರಂತೆ ಹೇಳಬೇಕು. ಹುಡುಗರು ಅಳುವುದೊಂದು ಬಾಕಿ. ಪುಟವಿಡೀ ಪರದೆಯ ಮೇಲೆ ಕಾಣುವಂಥ ಎಡಿಟರ್ ಬೇಕೆಂದು ಅಕ್ಕೋರು ಸಾಹೇಬರಲ್ಲಿ ಕೇಳಿ ಕೇಳಿ ಸಾಕಾದರು. ಕೊನೆಗೆ ಭಟ್ಕಳದವರೊಬ್ಬರು, ಗಲ್ಫಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದವರು, ರಜೆಗೆ ಬಂದಾಗ ಒಂದು ಡಬ್ಬಿ ಫ್ಲಾಪಿ ತಂದುಕೊಟ್ಟರು. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು ಎಂದು ಅದನ್ನು ಬರೆದವರೇ ಹೇಳಿದ್ದ ಎಡಿಟರ್. ಆದರೆ ಅದು ಕಟ್ಟಿ ತಯಾರಾದದ್ದಲ್ಲ. ಸೋರ್ಸ್ ಕೋಡ್, ಅಂದರೆ ಮೂಲ ಬರಹ. ಅದನ್ನು ನಮ್ಮ ಯಂತ್ರದಲ್ಲಿ ಹಾಕಿ, ನಮ್ಮ ಯಂತ್ರಕ್ಕೆ ಹೊಂದಿಸಿ, ಇಲ್ಲೇ ಕಟ್ಟಿಕೊಳ್ಳಬೇಕು.

ಒಂದೊಂದು ಫ್ಲಾಪಿಯಲ್ಲಿ ಒಂದೊಂದು ಭಾಗವಿತ್ತು. ಒಂದರಲ್ಲಿ ಮುಖ್ಯ ಬರಹ, ಒಂದರಲ್ಲಿ ಬೇರೆ ಬೇರೆ ಟರ್ಮಿನಲ್‌ಗಳಿಗೆ ಬೇಕಾದದ್ದು, ಒಂದರಲ್ಲಿ ಬಳಸುವ ಬಗೆ ತಿಳಿಸುವ ಸಹಾಯದ ಪುಟಗಳು, ಹೀಗೆ. ಭಟ್ಕಳದವರ ರಜೆ ಮುಗಿಯುತ್ತ ಬಂದಿತ್ತು, ಫ್ಲಾಪಿಗಳನ್ನು ವಾಪಸು ಒಯ್ಯುವವರಿದ್ದರು. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಖಾಲಿ ಫ್ಲಾಪಿ ಕೊಡಿ ಎಂದು ಅಕ್ಕೋರು ಕೇಳಿದರು. "ಎರಡು ಸಲ ಎಂತಕ್ಕೆ ಕಾಪಿ? ಒಂದು ಸಲ ಸರಿ ಮಾಡೂಕೆ ಬರೂದಿಲ್ವಾ ನಿಮ್ಗೆ?" ಎಂದರು ಸಾಹೇಬರು. ಕಪಾಟಿನಲ್ಲಿ ಖಾಲಿ ಡಬ್ಬಿಗಳಿದ್ದವು. ಬೀಗದ ಕೈ ನನ್ನ ಹತ್ತಿರವೇ ಇತ್ತು.

ಅಷ್ಟರಲ್ಲಿ ನೂಲ ಹುಣ್ಣಿಮೆ ಬಂತು. ಮಳೆಗಾಲದಲ್ಲಿ ದಡಕ್ಕೆಳೆದ ದೋಣಿಗಳು ಮತ್ತೆ ನೀರಿಗಿಳಿಯುವ ಮೊದಲು ಕಡಲಿಗೆ ತೆಂಗಿನಕಾಯಿ ಕೊಟ್ಟು ಪೂಜೆ ಮಾಡುವ ದಿನ. ಮನೆಯ ಹೆಣ್ಣುಮಕ್ಕಳು ಇರಲೇಬೇಕು. ಅಕ್ಕೋರು ರಜೆ ಹಾಕಿದರು. ಹೋಗುವ ಮೊದಲು ನನ್ನನ್ನು ಕರೆದು ಹೇಳಿದರು.

"ಲೇಬಲ್ ಮ್ಯಾಲೆ ಎಂತ ಹೆಸ್ರಿದ್ಯೋ ಅದೇ ಹೆಸ್ರಿನ ಡೈರೆಕ್ಟರಿ ಮಾಡಿ, ಅದ್ರೊಳಗೆ ಆ ಫ್ಲಾಪಿ ಹಾಕಿ. ಮತ್ತೆಂತ ಮಾಡೂದು ಬೇಡ ನಾಯ್ಕರೆ. ಜಾಣತನ ಅಂತೂ ಬೇಡ್ವೇ ಬೇಡ."

ಅವರು ಹೇಳಿದ ಹಾಗೇ ಮಾಡಿದೆ. ಡೈರೆಕ್ಟರಿ ಎಂದರೆ ಕೋಣೆಯಿದ್ದಂತೆ. ಒಂದೊಂದು ಭಾಗ ಒಂದೊಂದು ಕೋಣೆಯಲ್ಲಿ ಕೂತಿತು. ಭಟ್ಕಳದವರ ಕಡೆಯ ಹುಡುಗ ಬಂದು ಫ್ಲಾಪಿ ಡಬ್ಬಿ ಒಯ್ದ. ಅಲ್ಲಿಗೆ ನಿಲ್ಲಿಸಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ.

ಮರುದಿನ ಡಿಸ್ಕು ತುಂಬಿತು. ಹುಡುಗರ ಕೆಲಸ ಉಳಿಯುತ್ತಿಲ್ಲ ಎಂದು ಸಾಹೇಬರು ಕೂಗಾಡಿದರು. ನಾನು ಕೂತು ನೋಡಿದೆ. ಅಕ್ಕೋರ ಎಡಿಟರಿನ ಪ್ರತಿಯೊಂದು ಡೈರೆಕ್ಟರಿಯಲ್ಲೂ ಮೇಕ್‌ಫೈಲ್ ಎಂಬ ಒಂದೇ ಹೆಸರಿನ ಫೈಲು. ಹಾಗೇ ಇನ್ನೂ ಕೆಲವು. ವಾಚನಾಲಯದಲ್ಲಿ ನಾನು ವರ್ಷಗಟ್ಟಲೆ ಮಾಡಿದ ಕೆಲಸ ಯಾವುದೆಂದರೆ, ಒಂದೇ ಪುಸ್ತಕದ ಹೆಚ್ಚಿನ ಪ್ರತಿಗಳನ್ನು ಹುಡುಕಿ, ಒಂದನ್ನು ಇಟ್ಟು, ಉಳಿದವನ್ನು ಕಪಾಟಿನಿಂದ ತೆಗೆಯುವುದು. ಬೆನ್ನಿನ ಮೇಲಿನ ಹೆಸರು ನೋಡಿದರೆ ಸಾಕು, ಒಳಗೆ ತೆರೆಯಬೇಕಾಗಿರಲಿಲ್ಲ. ಇಲ್ಲಿಯೂ ಹೆಸರು ನೋಡಿದೆ. ಒಂದನ್ನು ಇಟ್ಟೆ, ಉಳಿದವನ್ನು ಅಳಿಸಿದೆ. ಆಮೇಲೆ ಇಷ್ಟೊಂದು ಕೋಣೆಗಳು ಯಾಕೆಂದು ಎಲ್ಲವನ್ನೂ ಒಂದೇ ಕಡೆ ಸುರಿದು, ಖಾಲಿಯಾದ ಡೈರೆಕ್ಟರಿಗಳನ್ನೂ ತೆಗೆದೆ. ಹುಡುಗರ ಹಳೇ ಕಸವನ್ನೂ ಗುಡಿಸಿದೆ. ಡಿಸ್ಕಿನಲ್ಲಿ ಜಾಗವಾಯಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಅಕ್ಕೋರಿಗೆ ಹೇಳಿದರೆ ಅವರೂ ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅಲ್ಲಿಯವರೆಗಿನದು ತಿಳಿಯದೆ ಮಾಡಿದ್ದು. ಆ ಪಾಲಿಗಾಗಿ ನಾನು ಯಾರ ಕಾಲಿಗೂ ಬೀಳಬೇಕಾಗಿಲ್ಲ.

ಅಕ್ಕೋರು ಬಂದರು. ನಿಂತು ಓದಿದರು, ಆಮೇಲೆ ಕೂತು ಕಟ್ಟುವ ಕಮಾಂಡು ಕೊಟ್ಟರು. ಯಂತ್ರ ಒಂದು ಹೆಜ್ಜೆಯೂ ಇಡದೆ ನಿಂತಿತು. ಡೈರೆಕ್ಟರಿ ತೆರೆದು ನೋಡಿದರು. ಓದುವ ಫೈಲನ್ನು ಮತ್ತೆ ತೆರೆದು ಒಂದೊಂದೇ ಹೆಸರು ತಾಳೆ ನೋಡಿದರು. ಕೊಂಕಣಿಯೂ ಇಲ್ಲ.

ನಾನೇ ಎಂತ ಆಯಿತು ಎಂದು ಕೇಳಿದೆ. ಮೇಕ್‌ಫೈಲ್ ಎಂದರೆ ಆ ಕೋಣೆಯಲ್ಲಿರುವುದನ್ನು ಯಾವುದಾದ ಮೇಲೆ ಯಾವುದು ಎಂದು ಕಟ್ಟುವ ಕ್ರಮವನ್ನು ಹೇಳುವ ಫೈಲು, ಪ್ರತಿ ಕೋಣೆಗೂ ಅದರದೇ ಬೇರೆ ಎಂದು ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಮ್ಮ ಕೇರಿಲಿ ಮನಿಗೊಬ್ಬ ಗಣಪತಿ. ಒಬ್ಬ ಬಲೆ ನೇಯ್ತ, ಒಬ್ಬ ದೋಣಿ ನಡಸ್ತ, ಒಬ್ಬ ಶಾಲಿಗೆ ಹೋಗ್ತ. ಹೆಸ್ರು ಒಂದೇ ಅಂತೇಳಿ ಒಬ್ಬನ್ನ ಇಟ್ಕಂಡು ಉಳ್ದವ್ರನ್ನ ಹೊಳಿಗೆ ಹಾಕೂಕೆ ಆಗ್ತದಾ?"

ಏನು ಮಾಡಿದ್ದೇನೆಂದು ಆ ಕ್ಷಣಕ್ಕೆ ಪೂರ್ತಿ ಅರ್ಥವಾಯಿತು.

"ನಾಯ್ಕರೆ, ನೀವೆಂತಾದ್ರೂ ಮುಟ್ಟಿದ್ರಾ?"

"ಇಲ್ಲ ಅಕ್ಕೋರೆ. ಫ್ಲಾಪಿಲಿ ಇದ್ದದ್ದೇ ಇಷ್ಟು."

ಇದ್ದವು ಎಂದು ಇದರಲ್ಲಿ ಬರೆದಿದೆಯಲ್ಲ ಎಂದು ಓದುವ ಫೈಲನ್ನು ತೋರಿಸಿದರು. ಬರೆದವರು ಬರೆದಿರಬಹುದು, ಹಾಕುವುದಕ್ಕೆ ಮರೆತಿರಬಹುದು ಎಂದೆ. ಡೈರೆಕ್ಟರಿಗಳು ಎಲ್ಲಿ ಎಂದದ್ದಕ್ಕೆ, ಜಾಗ ಸಾಲದೆ ಎಲ್ಲ ಒಂದೇ ಕಡೆ ಇಟ್ಟೆ, ಯಾವುದು ಎಲ್ಲಿತ್ತೋ ನೆನಪಿಲ್ಲ, ಅಳಿಸಿದ್ದಂತೂ ಏನೂ ಇಲ್ಲ ಎಂದೆ. ಎಷ್ಟು ಬೇಗ ಬಂತು ಆ ಉತ್ತರ! ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕಕ್ಕೆ ತಿಣುಕಾಡಿದ ತಲೆ ಸುಳ್ಳಿಗೆ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಕಾಲ ಹಾಗಿತ್ತು, ಬಡತನ ಇತ್ತು ಎಂದು ನನ್ನ ಪರವಾಗಿ ಮಾತಾಡುವವರು ಇದ್ದಾರೆ. ಅವರ ಬಾಯಿ ಮುಚ್ಚಿಸಬೇಕು ಅನ್ನಿಸುತ್ತದೆ. ಬಡತನ ಅಕ್ಕೋರಿಗೂ ಇತ್ತು.

ಸಾಹೇಬರಿಗೆ ಹಬ್ಬವಾಯಿತು. ಪೂರ್ತಿ ಇದೆಯೋ ಇಲ್ಲವೋ ನೋಡದೆ ತಂದು ತುಂಬಿದ್ದಾರೆ ಎಂದು ಟ್ರಸ್ಟಿನವರ ಕಿವಿಗೆ ಹಾಕಿದರು. ಅಕ್ಕೋರು ಭಟ್ಕಳದವರಿಗೆ ಗಲ್ಫಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ, ಅವರು ಕಂಪನಿ ಬಿಟ್ಟಿದ್ದರಂತೆ. ತನಿಖೆಯವರು ಬರುವ ದಿನ ಹತ್ತಿರವಾಗುತ್ತಿತ್ತು. ಎಡಿಟರ್ ನಡೆದರೆ ಅಕ್ಕೋರು ಖಾಯಂ, ಇಲ್ಲದಿದ್ದರೆ ಮನೆಗೆ. ಅದನ್ನು ಸಾಹೇಬರು ಮುಚ್ಚಿಟ್ಟೂ ಇರಲಿಲ್ಲ.

ಅಕ್ಕೋರು ಹೋದದ್ದನ್ನು ಮತ್ತೆ ಬರೆಯಲು ಕೂತರು. ಪ್ರತಿ ಫೈಲನ್ನೂ ತೆರೆದು, ಇದು ಯಾವುದನ್ನು ಕರೆಯುತ್ತದೆ, ಇದಕ್ಕಿಂತ ಮೊದಲು ಯಾವುದು ಆಗಬೇಕು ಎಂದು ಓದಿ ಓದಿ, ಯಾವುದು ಯಾವ ಕೋಣೆಯದೆಂದು ಬೇರೆ ಮಾಡಿದರು. ಡೈರೆಕ್ಟರಿಗಳು ಮತ್ತೆ ಎದ್ದವು. ಮೇಕ್‌ಫೈಲ್‌ಗಳನ್ನು ಒಂದೊಂದಾಗಿ, ಆ ಒಂದೊಂದೇ ಸಾಲು ತೋರಿಸುವ ಹಾಳು ಎಡಿಟರಿನಲ್ಲೇ ಬರೆದರು. ಕಣ್ಣು ಕೆಂಪಾಗುತ್ತಿತ್ತು. ನಾನು ಚಹಾ ತಂದುಕೊಡುತ್ತಿದ್ದೆ. ಚಹಾ ಕೊಡುವಾಗ ಪ್ರತಿ ಸಲವೂ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಖಾಲಿ ಲೋಟ ತೆಗೆದುಕೊಂಡು ಬರುತ್ತಿದ್ದೆ. ಹೇಳಿದ್ದರೆ ಯಾವ ಫೈಲು ಯಾವ ಕೋಣೆಯಲ್ಲಿತ್ತು ಎಂಬುದಾದರೂ ಗೊತ್ತಾಗಿ ಅರ್ಧ ಕೆಲಸ ತಪ್ಪುತ್ತಿತ್ತು. ನನಗೆ ನೆನಪಿತ್ತು. ನೆನಪಿದ್ದೂ ನಾನು ಚಹಾ ಕೊಟ್ಟೆ.

ಎಡಿಟರ್ ಕಟ್ಟಿ ಮುಗಿಯಿತು. ಪರದೆ ತುಂಬ ಪುಟ ಬಂತು. ತನಿಖೆಯವರು ಬಂದ ದಿನ ಅವರಲ್ಲಿ ಹಿರಿಯರೊಬ್ಬರು ಕೂತು ನಾಲ್ಕು ಸಾಲು ಬರೆದು, ಚೆನ್ನಾಗಿದೆ ಎಂದರು. ಆಮೇಲೆ ಸಹಾಯದ ಪುಟ ಕೇಳುವ ಗುಂಡಿ ಒತ್ತಿದರು. ಅಂಥ ಫೈಲು ಇಲ್ಲ ಎಂದು ಹೇಳಿ ಎಡಿಟರ್ ಸತ್ತುಹೋಯಿತು. ಬರೆದ ನಾಲ್ಕು ಸಾಲೂ ಹೋದವು. ಅವರು ದೊಡ್ಡ ಮನುಷ್ಯರು, ಪರವಾಗಿಲ್ಲ, ಹೊಸತಲ್ಲವೇ ಎಂದರು. ಸಾಹೇಬರು ಬಿಡಲಿಲ್ಲ.

"ಬುಟ್ಟಿ ಹೊರೂ ಕೈಗೆ ಕೀಬೋರ್ಡ್ ಕೊಟ್ರೆ ಇನ್ನೆಂತ ಆಗ್ತದೆ" ಎಂದರು.

ಕೆಲವರು ನಕ್ಕರು. ನಾನು ಗೋಡಂಬಿಯ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ನಾನೂ ನಕ್ಕೆ. ಸಾಹೇಬರು ನನ್ನ ಕಡೆ ನೋಡಿದ್ದರು, ಅದಕ್ಕೆ ನಕ್ಕೆ. ಅಕ್ಕೋರು ನಕ್ಕವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ನನ್ನ ಹತ್ತಿರ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ನೋಡಿದರು ಎಂದು ಆಗ ಅನ್ನಿಸಿತ್ತು. ಆಮೇಲೆ, ಅದೆಲ್ಲ ನನ್ನ ಭ್ರಮೆ ಎಂದು ಸಮಾಧಾನ ಮಾಡಿಕೊಂಡೆ.

ತಿಂಗಳ ನೋಟೀಸು ಕೊಟ್ಟರು. ಬೇರೆ ಯಾರೇ ಆಗಿದ್ದರೂ ಆ ತಿಂಗಳು ಕೈಕಟ್ಟಿ ಕೂರುತ್ತಿದ್ದರು. ಅಕ್ಕೋರು ಮತ್ತೆ ಆ ಬರಹದ ಮುಂದೆಯೇ ಕೂತರು. ನನಗೆ ಅವರ ಮೇಲೆಯೇ ಸಿಟ್ಟು ಬಂತು. ಬೂಟು ಬಿಚ್ಚಿಸಿದವರು, ಗಾಳಿಗೆ ನೋಟೀಸು ಕೊಡಿ ಎಂದವರು, ಈಗ ಹೀಗೆ ಓಡಿಸಿದವರಿಗೇ ದುಡಿದು ಕೊಡುವುದು ಯಾಕೆ? ಯಾರಿಗೋಸ್ಕರ ಮಾಡ್ತ್ರಿ ಇದನ್ನ ಎಂದು ಕೇಳಿಯೂ ಬಿಟ್ಟೆ. "ಅರ್ಧ ಕಟ್ಟಿದ ದೋಣಿ ದಂಡೆ ಮ್ಯಾಲೆ ಬಿಟ್ಟು ಹೋದ್ರೆ ನಮ್ಮಪ್ಪ ಮನೆ ಒಳ್ಗೆ ಬಿಡೂದಿಲ್ಲ" ಎಂದರು, ತಲೆಯೆತ್ತದೆ.

ಕೊನೆಗೆ ತೊಡಕು ಸಿಕ್ಕಿತು. ಸಹಾಯದ ಪುಟಗಳು ಯಂತ್ರದ ಯಾವ ಜಾಗದಲ್ಲಿ ಇರುತ್ತವೆ ಎಂಬುದು ಮೂಲ ಬರಹದೊಳಗೇ ಒಂದು ಕಡೆ ಬರೆದಿತ್ತು. ಅವನ್ನು ಆ ಜಾಗಕ್ಕೆ ಒಯ್ದು ಇಡುವ ಆಜ್ಞೆ ಇದ್ದದ್ದು ನಾನು ಅಳಿಸಿದ ಒಂದು ಮೇಕ್‌ಫೈಲಿನಲ್ಲಿ. ಅಕ್ಕೋರು ಆ ಜಾಗದಲ್ಲಿ ಡೈರೆಕ್ಟರಿ ಮಾಡಿ, ಪುಟಗಳನ್ನು ಇಟ್ಟು, ಗುಂಡಿ ಒತ್ತಿದರು. ಸಹಾಯ ಬಂತು. ಯಾರನ್ನೂ ಕರೆಯಲಿಲ್ಲ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಆ ಎಡಿಟರಿನಲ್ಲೇ ಅವರು ತಮ್ಮದೊಂದು "ಮೊದಲು ಇದನ್ನು ಓದಿ" ಬರೆದರು. ಯಾವ ಡೈರೆಕ್ಟರಿಯಲ್ಲಿ ಏನಿದೆ, ಯಂತ್ರ ಬದಲಾದರೆ ಏನು ತಿದ್ದಬೇಕು, ಯಾವುದನ್ನು ಮುಟ್ಟಬಾರದು, ಎಲ್ಲ. ಸರಳ ಇಂಗ್ಲಿಷು, ನನಗೂ ತಿಳಿಯುವಂಥದ್ದು. ಕೊನೆಯ ಸಾಲಿನಲ್ಲಿ, ಇದನ್ನು ಈ ಯಂತ್ರಕ್ಕೆ ಹೊಂದಿಸಿ ಕಟ್ಟಿದವರು ಎಂದು ತಮ್ಮ ಹೆಸರು. ಅದೇ ಅವರು ಪಡೆದ ಸಂಬಳವೆಂದು ಹೇಳಬೇಕು.

ಅಕ್ಕೋರು ಕೆಲಸ ಬಿಟ್ಟು ಹೋದ ವಾರವೇ, ಹುಡುಗರು ಪುಟ ತುಂಬ ಬರೆಯುತ್ತ ಸಹಾಯದ ಪುಟವನ್ನೂ ತೆರೆಯುತ್ತಿದ್ದುದನ್ನು ಸಾಹೇಬರು ಕಂಡರು. ಇದನ್ನು ಯಾರು ಸರಿ ಮಾಡಿದ್ದು ಎಂದು ಕೇಳಿದರು. ನಾನು ಸುಮ್ಮನಿದ್ದೆ. ನೀವೇನ್ರೀ ನಾಯ್ಕ ಎಂದರು. ಹ್ಞೂಂ ಎಂದೆ. ಟ್ರಸ್ಟಿನವರಿಗೆ ಹೇಳಿ ನನ್ನನ್ನು ಆಪರೇಟರ್ ಮಾಡಿದರು, ಅಕ್ಕೋರ ಕುರ್ಚಿಯಲ್ಲೇ ಕೂರಿಸಿದರು. ಆ ಕುರ್ಚಿಯಲ್ಲಿ ಕೂತು ನಾನು ಮಾಡಿದ ಮೊದಲ ಕೆಲಸವೆಂದರೆ ಅವರ ಎಡಿಟರಿನಲ್ಲೇ ಅವರ ಫೈಲು ತೆರೆದು ಕೊನೆಯ ಸಾಲು ಅಳಿಸಿದ್ದು. ಪುಟ ಪೂರ್ತಿ ಕಾಣುತ್ತಿದ್ದುದರಿಂದ ಬಹಳ ಸುಲಭವಾಯಿತು.

ಕೆಲವು ವರ್ಷಗಳ ಮೇಲೆ ಒಂದು ಮದುವೆ ಮುಗಿಸಿಕೊಂಡು ಕುಮಟೆ ಬಸ್ ಸ್ಟ್ಯಾಂಡಿನಲ್ಲಿ ಭಟ್ಕಳದ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ ನಾಯ್ಕರೆ ಎಂದರು. ಅಕ್ಕೋರು. ಕುಮಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೇನೆ, ಒಂದು ಕಂಪ್ಯೂಟರೂ ತಂದಿದ್ದೇನೆ ಎಂದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಎಡಿಟರ್ ಇನ್ನೂ ನಡೆಯುತ್ತದೆಯೇ ಎಂದು ಕೇಳಿದರು. ನಡೆಯುತ್ತದೆ ಎಂದೆ. ಆಮೇಲೆ, ಬಸ್ಸು ತಡವೆಂದು ಹೇಳುವಷ್ಟು ಸಹಜವಾಗಿ ಹೇಳಿದರು.

"ಆ ಫೈಲು ತೆಗ್ದದ್ದು ನೀವು ಅಂತ ನಂಗೆ ಅವತ್ತೇ ಗೊತ್ತಿತ್ತು. ಅಳ್ಸೂ ಕಮಾಂಡು ಆ ಕೋಣೇಲಿ ಬರ್ತಿದ್ದದ್ದು ಇಬ್ರಿಗೆ. ಸಾಹೇಬ್ರಿಗೆ ಯಂತ್ರ ಚಾಲೂ ಮಾಡೂಕೇ ಬರ್ತಿರ್ಲಿಲ್ಲ. ನಿಮ್ಗೆ ಕಲ್ಸಿದವ್ಳು ನಾನೇ ಅಲ್ದಾ?"

ಮತ್ತೆ ಯಾಕೆ ಹೇಳಲಿಲ್ಲ ಎಂದು ಹೇಗೋ ಕೇಳಿದೆ.

"ಹೇಳಿದ್ರೆ ನಿಮ್ಮನ್ನೂ ತೆಗೀತಿದ್ರು, ನನ್ನನ್ನೂ ತೆಗೀತಿದ್ರು. ಅವ್ರಿಗೆ ಬೇಕಾದದ್ದು ಒಂದು ನೆಪ. ನೀವೇ ಬಂದು ಹೇಳ್ತ್ರಿ ಅಂತ ನೋಡ್ದೆ. ದಿನಾ ಚಾ ತಂದ್ರಿ, ಹೇಳ್ಲಿಲ್ಲ. ಸಿಟ್ಟು ಬಂದಿತ್ತು ನಂಗೆ. ಈಗ್ಲೂ ಇದೆ. ಎಂತ ಮಾಡೂದು."

ತಪ್ಪಾಯಿತು ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಯಾವ ಮನುಷ್ಯನಿಗೂ ಸಿಗಲಾರದು. ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ಅದಿರ್ಲಿ" ಎಂದು ಕೈ ಎತ್ತಿ ತಡೆದರು. ಸ್ವಲ್ಪ ನಾಚಿಕೊಂಡವರ ಹಾಗೆ ಬೇರೆ ಕಡೆ ನೋಡುತ್ತ ಕೇಳಿದರು.

"ನಾನು ಬರ್ದಿಟ್ಟ ಫೈಲು ಇದ್ಯಾ? ಕಡೇಲಿ ನನ್ನ ಹೆಸ್ರು ಇತ್ತಲ್ಲ. ಇದ್ಯಾ ಅದು?"

"ಇದೆ ಅಕ್ಕೋರೆ. ಹಂಗೇ ಇದೆ. ಹುಡುಗ್ರು ದಿನಾ ಓದ್ತ್ರು."

ಅಕ್ಕೋರು ನಕ್ಕರು. ಸಂಸ್ಥೆಯಲ್ಲಿದ್ದ ದಿನಗಳಲ್ಲಿ ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ. "ಆತು. ಅಷ್ಟಾದ್ರೂ ಇದ್ಯಲ್ಲ" ಎಂದರು. ನನ್ನ ಬಸ್ಸು ಬಂತು. ಸೀಟು ಹಿಡೀರಿ ಹೋಗಿ ಎಂದರು. ಹತ್ತಿದೆ.

ಮರುದಿನ ಕೆಲಸಕ್ಕೆ ಹೋದವನೇ ಆ ಫೈಲು ತೆರೆದೆ. ಆ ಸಾಲನ್ನು ಮತ್ತೆ ಬರೆದಿದ್ದರೆ ನಾನು ಹೇಳಿದ ಸುಳ್ಳು ಅಲ್ಲಿಗೆ ನಿಜವಾಗುತ್ತಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ, ಯಾರಿಗೂ ಹೇಳಬೇಕಾಗಿರಲಿಲ್ಲ. ಆದರೆ ಆ ಜಾಗ ಖಾಲಿ ಇರಲಿಲ್ಲ. ಅಲ್ಲಿ ನನ್ನ ಹೆಸರಿತ್ತು. ಅವರದನ್ನು ಅಳಿಸಿದ ದಿನವೇ ನಾನು ಬರೆದದ್ದು. ಹುಡುಗರು ದಿನಾ ಓದುತ್ತಿದ್ದುದು ಅದನ್ನು. ಈಗ ಬದಲಾಯಿಸಿದರೆ ಇಷ್ಟು ದಿನ ಇದ್ದದ್ದು ಏನೆಂದು ಯಾರಾದರೂ ಕೇಳುತ್ತಾರೆ ಎಂದುಕೊಂಡು ಫೈಲು ಮುಚ್ಚಿದೆ. ಆ ಯಂತ್ರ ಗುಜರಿಗೆ ಹೋಗುವವರೆಗೂ ಅದು ಹಾಗೇ ಇತ್ತು.

ಹೆಂಡತಿಯ ಹತ್ತಿರ, ಮಕ್ಕಳ ಹತ್ತಿರ, ಒಮ್ಮೆ ಇಡಗುಂಜಿಯಲ್ಲಿ ದೇವರ ಹತ್ತಿರವೂ ನಾನು ತಪ್ಪಾಯಿತು ಎಂದು ಹೇಳಿಕೊಂಡಿದ್ದೇನೆ. ಅವರಿಗೆಲ್ಲ ಹೇಳುವುದು ಸುಲಭ, ಅವರಿಂದ ನಾನು ಏನನ್ನೂ ಕಿತ್ತುಕೊಂಡಿರಲಿಲ್ಲ. ಹೇಳದೆ ಉಳಿದದ್ದು ಒಬ್ಬರಿಗೆ, ಧಾರೇಶ್ವರದ ಕಡಲ ಕೇರಿಯಿಂದ ಬಂದು ಹೊನ್ನಾವರದಲ್ಲಿ ಆ ಎಡಿಟರ್ ಕಟ್ಟಿದ ನಮ್ಮ ಅಕ್ಕೋರಿಗೆ.